ಒಂದಕ್ಕೆ ಹನ್ನೆರಡು

“ಹಲ್ಲು ಬಿಡೇ, ಮುಂಡೇದೇ! ಮನೆ ಸಿಗ್ತಿದೆ ನಿಂಗೆ, ಹೆಣ ಎತ್ತೋಕ್ ಬಂದಿಲ್ಲ!”

ವಸತಿ ಕಚೇರಿಯ ಗುಮಾಸ್ತ ವೇದಿಕೆಯ ಬದಿಯಲ್ಲಿ ನಿಂತು ಬೈದ. ನಾನು ನಕ್ಕೆ. ದೊಡ್ಡ ಸಾಹೇಬರು ಬೀಗದ ಕೈಯನ್ನು ನನ್ನ ಅಂಗೈ ಮೇಲೆ ಮೇಲಿನಿಂದಲೇ ಬಿಟ್ಟು, ಕ್ಯಾಮೆರಾದ ಕಡೆ ತಿರುಗಿದರು. ಸಿಮೆಂಟು ತಿಂದು ಬಿರಿದ ಕೈ ಮುಟ್ಟಲು ಹೇಸಿಗೆಯಾಯಿತೇನೋ. ಆದರೂ ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಹದಿನಾಲ್ಕನೇ ನಂಬರಿನ ಮನೆ. ರಸ್ತೆ ಅಗಲ ಮಾಡಬೇಕೆಂದು ನಮ್ಮ ಗುಡಿಸಲು ಕೆಡವಿದ ದಿನ, ಬದಲಿಗೆ ಪಕ್ಕಾ ಮನೆ ಕೊಡುತ್ತೇವೆಂದು ಮೈಕಿನಲ್ಲಿ ಕೂಗಿದ್ದರು. ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ಬೆಂದು, ಇದೇ ಮನೆಗಳಿಗೆ ಗಾರೆ ಕಲಸಿ ಹೊತ್ತವಳು ನಾನು.

ವೇದಿಕೆ ಇಳಿದರೆ ಅದೇ ಗುಮಾಸ್ತ ಗೋಣಿಚೀಲ ಹಿಡಿದು ನಿಂತಿದ್ದ. ನನ್ನ ಮುಂದಿನವರೆಲ್ಲ ಒಬ್ಬೊಬ್ಬರಾಗಿ ಬೀಗದ ಕೈಗಳನ್ನು ಅದರೊಳಗೆ ಹಾಕುತ್ತಿದ್ದರು.

“ವಾಪಸ್ಸು ಯಾಕೆ ಸಾರ್?”

“ಫೋಟೋ ಆಯ್ತಲ್ಲ, ಇನ್ನೇನು? ಪಟ್ಟಿ ಬದಲಾಗಿದೆ. ಯಾರಿಗೆ ಯಾವ ಮನೆ ಅಂತ ಮೇಲಿಂದ ಬರುತ್ತೆ. ಹಾಕು, ಹಾಕು.”

ನಾನು ಹಾಕಲಿಲ್ಲ. ಓಡಿದೆ. ಹದಿನಾಲ್ಕರ ಬಾಗಿಲಿಗೆ ಜೋತಿದ್ದ ಬೀಗಕ್ಕೆ ಚುಚ್ಚಿ ನೋಡಿದೆ. ಅದು ಒಳಗೇ ಹೋಗಲಿಲ್ಲ. ಹಿಂದೆಯೇ ಬಂದ ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೇ, ಅದು ಯಾವ ಬೀಗದ್ದೂ ಅಲ್ಲ ಕಣೇ! ಗುಜರಿ ಅಂಗಡೀಲಿ ಬೊಗಸೆಗಟ್ಲೆ ತಂದಿದ್ದು.”

ಅವನ ಜೊತೆ ಬಂದಿದ್ದ, ಈ ಮನೆಗಳನ್ನು ಕಟ್ಟಿಸಿದ ಗುತ್ತಿಗೆದಾರ ನಗಲಿಲ್ಲ. “ಸಂಜೆಯೊಳಗೆ ಶೆಡ್ ಖಾಲಿ ಮಾಡು. ಅಲ್ಲಿ ಕಾರು ನಿಲ್ಸೋ ಜಾಗ ಆಗ್ಬೇಕು. ಆ ಮುದುಕಿನ ಎಲ್ಲಾದ್ರೂ ಸಾಗಹಾಕು. ಯಂತ್ರ ಬಂದಾಗ ಅಳ್ತಾ ಕೂತ್ರೆ ಯಾರೂ ಕೇಳಲ್ಲ.”

ಮುದುಕಿ ಅಂದರೆ ನನ್ನ ಅತ್ತೆ. ಮಂಡಿ ಹಿಡಿದುಕೊಂಡು ನಡೆಯಲಾರದವಳು. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ. ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೀಗದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಿವಿ ಕೆರ್ಕೊಳಕ್ಕಾಗುತ್ತೆ ಬಿಡು” ಎಂದಳು. ಆಮೇಲೆ ತಗಡಿನ ಕಡೆ ಮುಖ ತಿರುಗಿಸಿ ಮಲಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಗಂಡ ಸತ್ತಾಗಲೂ ಅಳದ ಹೆಂಗಸು.

ಆಗ ನನಗೆ ಆ ಚೌಕಟ್ಟು ನೆನಪಾಯಿತು. ಬಾಗಿಲ ಚೌಕಟ್ಟು ಕೂರಿಸುವಾಗ ಒಂದು ಬಾಂಡ್ಲಿ ಸಿಮೆಂಟಿಗೆ ನಾಲ್ಕು ಬಾಂಡ್ಲಿ ಮರಳು. ನಾನು ಹಾಗೆಯೇ ಕಲಸಲು ಹೋದಾಗ ಗುತ್ತಿಗೆದಾರ ಬಾಂಡ್ಲಿಯನ್ನು ಕಾಲಿನಿಂದ ಒದ್ದಿದ್ದ. “ಒಂದಕ್ಕೆ ಹನ್ನೆರಡು ಹಾಕೇ, ಬೋಸುಡಿ! ನಿಮ್ಮಂಥ ಹಲ್ಕಾಗಳು ಇರೋ ಮನೆಗೆ ಅಷ್ಟು ಸಾಕು.” ಚೌಕಟ್ಟನ್ನು ಗೋಡೆಗೆ ಕಚ್ಚಿಸುವ ಕಬ್ಬಿಣದ ಹಿಡಿಗಳನ್ನೂ ಹಾಕಿಸಲಿಲ್ಲ. ಮೇಲೆ ಬಣ್ಣ ಬಿದ್ದ ಮೇಲೆ ಯಾವ ಎಂಜಿನಿಯರಿಗೂ ಕಾಣಲಿಲ್ಲ, ಅಥವಾ ಕಂಡೂ ಕಾಣಲಿಲ್ಲ. ನಲವತ್ತು ಬಾಗಿಲಿಗೂ ಅದೇ ಹನ್ನೆರಡು, ಕಲಸಿದ್ದು ಇದೇ ಕೈ. ಅಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಪೆಂಡಾಲಿನಲ್ಲಿ ಸಾಹೇಬರ ಊಟ ನಡೆದಿತ್ತು. ನಾನೂ ಪಕ್ಕದ ಶೆಡ್ಡಿನಲ್ಲಿದ್ದ ನನ್ನ ಓರಗಿತ್ತಿಯೂ ಹಾರೆ, ಬಾಂಡ್ಲಿ, ಕೆಲಸದಲ್ಲಿ ಉಳಿದಿದ್ದ ಅರ್ಧ ಚೀಲ ಸಿಮೆಂಟು ಹೊತ್ತು ಹದಿನಾಲ್ಕಕ್ಕೆ ಹೋದೆವು. ಚೌಕಟ್ಟಿನ ಕೆಳಮೂಲೆಗೆ ಹಾರೆಯ ತುದಿ ಇಟ್ಟು ಮೀಟಿದೆ. ಗಾರೆ ಸಕ್ಕರೆಯ ಹಾಗೆ ಉದುರಿತು. ಇನ್ನೆರಡು ಸಲ ಮೀಟಿದ್ದಕ್ಕೆ ಬಾಗಿಲು, ಬೀಗ, ಚೌಕಟ್ಟು ಎಲ್ಲ ಒಟ್ಟಿಗೇ ಕಿತ್ತು ಬಂತು. ಇಬ್ಬರೂ ಹಿಡಿದು ಗೋಡೆಗೆ ಒರಗಿಸಿದೆವು. ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ.

“ಥೂ, ಬಡ್ಡೀಮಗ! ಇದಕ್ಕಿಂತ ನಮ್ ತಗಡೇ ಗಟ್ಟಿ ಇತ್ತಲ್ಲೇ” ಎಂದಳು ಓರಗಿತ್ತಿ.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ವೇದಿಕೆಯ ಮೇಲೆ ಖಾಲಿಯಾಗಿತ್ತಲ್ಲ, ಸಾಹೇಬರು ಕೂತಿದ್ದ ಮೆತ್ತನೆಯ ಕುರ್ಚಿ, ಅದೇ. ಅವಳೂ ನಾನೂ ಒಳಗಾದ ಮೇಲೆ ಓರಗಿತ್ತಿ ಹೊರಗಿನಿಂದ ಚೌಕಟ್ಟನ್ನು ಎತ್ತಿ ಹಿಡಿದಳು. ನಾನು ಒಳಗಿನಿಂದ ಕಲ್ಲಿನ ಚೂರು ಬಡಿದು ಬಿಗಿ ಮಾಡಿದೆ. ಉದುರಿದ ಮರಳನ್ನೇ ಬಳಸಿ ಒಂದಕ್ಕೆ ನಾಲ್ಕು ಕಲಸಿ, ಸಂದು ಸಂದಿಗೂ ಒತ್ತಿ ಒತ್ತಿ ತುಂಬಿದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಗಾರೆ ಕೆಲಸ ಮಾಡಿದ್ದಿಲ್ಲ. ಕೊನೆಗೆ ಚಿಲಕ ಹಾಕಿದೆ.

ಊಟ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತ ಬಂದ ಗುಮಾಸ್ತನಿಗೆ, ಬೀಗ ಹಾಕಿದ ಮನೆಯೊಳಗೆ ಅತ್ತೆಯ ಕೆಮ್ಮು ಕೇಳಿಸಿತು. ಓಡಿಹೋಗಿ ಗುತ್ತಿಗೆದಾರನನ್ನು ಕರೆತಂದ. ಅವನು ನಿಜವಾದ ಕೀಲಿಯಿಂದ ಬೀಗ ತೆಗೆದು ಬಾಗಿಲು ತಳ್ಳಿದ. ಬಾಗಿಲು ತೆರೆಯಲಿಲ್ಲ.

“ಬೀಗ ತೆಗೆದ್ಕೊಟ್ಟ ನೋಡು ಪುಣ್ಯಾತ್ಮ” ಎಂದಳು ಅತ್ತೆ. “ಮನೆ ಕೊಡೋದು ಅಂದ್ರೆ ಹಿಂಗಿರ್ಬೇಕು.”

“ಬಾಗಿಲು ಒಡೆದಿದ್ದೀಯೇನೇ, ಸೂಳೆ? ಪೊಲೀಸ್ರನ್ನ ಕರೀತೀನಿ!” ಗುತ್ತಿಗೆದಾರ ಅರಚಿದ.

ನಾನು ಕಿಟಕಿಗೆ ಬಂದು ನಿಂತೆ.

“ಕರೀರಿ. ದೊಡ್ಡ ಸಾಹೇಬ್ರು ಪೆಂಡಾಲಲ್ಲೇ ಇದಾರೆ, ಅವ್ರನ್ನೂ ಕರೀರಿ. ಕ್ಯಾಮೆರಾದವ್ರನ್ನೂ ಕರೀರಿ. ನಾನೇನೂ ಒಡೆದಿಲ್ಲ. ಹೆಂಗೆ ಒಳಗ್ ಬಂದೆ ಅಂತ ಮಿಕ್ಕ ಮೂವತ್ತೊಂಬತ್ತು ಬಾಗಿಲಲ್ಲೂ ಮಾಡಿ ತೋರಿಸ್ತೀನಿ.”

ಗುತ್ತಿಗೆದಾರ ಹೊಸ ಗಾರೆಯನ್ನು ನೋಡಿದ. ಹೊಸ್ತಿಲಲ್ಲಿ ಚೆಲ್ಲಿದ್ದ ಮರಳನ್ನು ನೋಡಿದ. ಪೆಂಡಾಲಿನ ಕಡೆ ನೋಡಿದ. ಅವನ ಕೈ ಇನ್ನೂ ಚೌಕಟ್ಟಿನ ಮೇಲೆಯೇ ಇತ್ತು.

“ಕೈ ತೆಗೀರಿ ಸಾರ್, ಗಾರೆ ಹಸಿ ಇದೆ. ಏಳು ದಿನ ನೀರುಣಿಸ್ಬೇಕು.”

ಅವನು ಕೈ ತೆಗೆದ.

ಅಷ್ಟರಲ್ಲಿ ಅವನ ಹಿಂದೆ ಜನ ಸೇರಿದ್ದರು, ಎಲ್ಲ ಗೋಣಿಚೀಲಕ್ಕೆ ಬೀಗದ ಕೈ ಹಾಕಿ ಬಂದವರೇ. ನಾನು ಹಾರೆಯನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಓರಗಿತ್ತಿಯ ಕೈಗೆ ಕೊಟ್ಟೆ.

“ಹದಿನೈದರ ಬಾಗಿಲ ಕೆಳಮೂಲೆಗೆ ಹಾಕಿ ಮೀಟೇ” ಎಂದೆ. “ಜೋರಾಗಿ ಬೇಡ. ಅಷ್ಟೇನೂ ಗಟ್ಟಿಯಿಲ್ಲ.”