ಗಿರಿಯಪ್ಪನ ನಾಲಿಗೆ ಮತ್ತು ಬೀರೂರಿನಿಂದ ಬಂದ ಬೀರು

ಕಡೂರು, ತರೀಕೆರೆ ಎರಡೂ ತಾಲ್ಲೂಕನ್ನು ಜರಡಿ ಹಿಡಿದರೂ ಅಜ್ಜಂಪುರದ ಗಿರಿಯಪ್ಪನಂಥ ನಾಲಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಒಂದು ಗುಟುಕು ಹೆಂಡ ಬಾಯಿಗೆ ಬಿಟ್ಟುಕೊಂಡರೆ ಸಾಕು, ಅದು ಯಾವ ತೋಪಿನ ಈಚಲು, ಮರದ ಯಾವ ಮಗ್ಗುಲಿಗೆ ಮಡಕೆ ಕಟ್ಟಿದ್ದು, ಮರ ಹತ್ತಿದವನು ಅವತ್ತು ಹೆಂಡತಿ ಜೊತೆ ಜಗಳ ಆಡಿ ಬಂದಿದ್ದನೋ ನಗುತ್ತಾ ಬಂದಿದ್ದನೋ, ಎಲ್ಲ ಹೇಳಿಬಿಡುತ್ತಿದ್ದ. ಒಂದು ಸಲ ಸಿಂಗಟಗೆರೆ ಕಡೆಯ ಮಡಕೆಯೊಂದನ್ನು ಬರೀ ಮೂಸಿ, “ಈ ಮರದಾಗೆ ಗೀಜಗ ಮೂರು ಗೂಡು ಕಟ್ಟೈತೆ, ಒಂದು ಖಾಲಿ” ಅಂದ. ನಾಲ್ಕು ಜನ ಸೈಕಲ್ ತುಳಿದುಕೊಂಡು ಹೋಗಿ ನೋಡಿ ಬಂದರು. ಮೂರು ಗೂಡು, ಒಂದು ಖಾಲಿ.

ರಂಗಪ್ಪನ ಹೆಂಡದಂಗಡಿ ಮುಂದೆ ಹೊಂಗೆ ಮರದ ಕೆಳಗೆ ಒಂದು ಹಾಸುಗಲ್ಲಿತ್ತು. ಗಿರಿಯಪ್ಪ ಅದರ ಮೇಲೆ ಕೂತು, ಮೊದಲ ಗುಟುಕು ಕುಡಿದು, “ಹ್ಞೂಂ” ಅನ್ನುವವರೆಗೆ ಯಾರೂ ಮಡಕೆ ಮುಟ್ಟುವ ಹಾಗಿರಲಿಲ್ಲ. ತೆಂಗಿನ ತೋಟ ಹೋದರೂ ಅವನು ತಡೆದುಕೊಂಡಾನು, ಆ ಕಲ್ಲು ಹೋದರೆ ಮಾತ್ರ ಬದುಕಿದ್ದೂ ದಂಡ ಅಂದುಕೊಂಡಿದ್ದ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಬಾಟಲಿ ಬೀರು ಬಂತು. ಅಲ್ಲಿಗೆ ಹೆಂಡದ ಮರ್ಯಾದೆ ಮೂರು ಕಾಸಿಗೆ ಇಳಿಯಿತು. ಮೊದಲ ತಿಂಗಳು ಕಹಿಯೇ ಸೊಗಸು ಅಂತಾಯಿತು. ಜನ ಊಟಕ್ಕೂ ಬೇವಿನ ಕಡ್ಡಿ ನೆಂಚಿಕೊಂಡರು, ಸಂತೆಯಲ್ಲಿ ಹಾಗಲಕಾಯಿಗೆ ಹೊಡೆದಾಟವಾಗಿ ಇಬ್ಬರ ಪಂಚೆ ಹರಿಯಿತು. ಎರಡನೇ ತಿಂಗಳು ಕಹಿ ಹಳೇದಾಗಿ ತಣ್ಣಗಿರುವುದೇ ಸೊಗಸಾಯಿತು. ಒಬ್ಬ ತರೀಕೆರೆಯಿಂದ ಐಸ್‌ಗಡ್ಡೆ ಮೇಲೆ ಕೂತೇ ಬಸ್ಸಿನಲ್ಲಿ ಬಂದು, ಇಳಿಯುವಾಗ ಗಡ್ಡೆಯೂ ಇಲ್ಲ, ಕೂತ ಜಾಗದ ಅರಿವೂ ಇಲ್ಲ ಅಂತ ಅತ್ತ. ಮೂರನೇ ತಿಂಗಳು ನೊರೆ! ಮೀಸೆ ಮೇಲೆ ನೊರೆ ಇಲ್ಲದವನಿಗೆ ಹೋಟೆಲಿನಲ್ಲಿ ಕೂರಲು ಬೆಂಚು ಬಿಡುತ್ತಿರಲಿಲ್ಲ. ಬೀರು ಎಟುಕದವರು ಕ್ಷೌರದಂಗಡಿಗೆ ಹೋಗಿ ಮೀಸೆಗೆ ಸೋಪು ಹಚ್ಚಿಸಿಕೊಂಡು ಊರೆಲ್ಲ ತಿರುಗಿದರು.

ಈ ನೊರೆಗೆ ಗುರು ಅಂದರೆ ಪುಟ್ಟಯ್ಯ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವ ಏಜೆಂಟ. ಅವನು ಗಿರಿಯಪ್ಪನನ್ನು ಕರೆಸಿಕೊಂಡು, ಹತ್ತು ಜನರ ಎದುರಿಗೆ ಒಂದು ಗ್ಲಾಸು ಬೀರು ಕೈಗಿಟ್ಟ.

ಗಿರಿಯಪ್ಪ ಕಣ್ಣು ಮುಚ್ಚಿ ಕುಡಿದ. ನಾಲಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿದ. ತೋಪಿಲ್ಲ, ಮರವಿಲ್ಲ, ಗೀಜಗವಿಲ್ಲ.

“ಇದು ಯಾವ ಮರದ್ದೋ?” ಅಂದ.

ಬಸ್‌ಸ್ಟ್ಯಾಂಡೇ ನಕ್ಕಿತು. ಹೊರಡಲು ನಿಂತಿದ್ದ ಬಸ್ಸಿನ ಡ್ರೈವರ್ ನಕ್ಕೂ ನಕ್ಕೂ ಹಾರನ್ ಮೇಲೆ ಬಿದ್ದ.

“ಮರದ್ದಲ್ಲ ಕಣಣ್ಣ, ಫ್ಯಾಕ್ಟ್ರೀದು!” ಅಂದ ಪುಟ್ಟಯ್ಯ. “ನಿನ್ ನಾಲ್ಗೆ ಹೆಂಡಕ್ಕೆ ಸರಿ. ಕಾಲ ಬದಲಾಯ್ತು. ಭಾನುವಾರದೊಳಗೆ ಇದನ್ನ ಮೀರಿಸೋ ಬೀರು ಒಂದು ತಂದು ತೋರಿಸು, ಇಲ್ದಿದ್ರೆ ಆ ಕಲ್ಲು ನಂಗೆ ಬಿಟ್ಬಿಡು.”

ಗಿರಿಯಪ್ಪ ಉರಿಬಿಸಿಲಲ್ಲಿ ಮನೆಗೆ ಬಂದು ಅಡಿಗೆ ಮನೆಯಲ್ಲಿ ಕುಸಿದ. ಆ ಅಡಿಗೆ ಮನೆಯಲ್ಲಿ, ಒಲೆಯ ಪಕ್ಕದಲ್ಲೇ, ಕಬ್ಬಿಣದ ಒಂದು ದೊಡ್ಡ ಬೀರು ನಿಂತಿತ್ತು. ಬಟ್ಟೆಬರೆ ಇಡುವ ಬೀರು. ಅವನ ಹೆಂಡತಿ ಕರಿಯಮ್ಮನಿಗೆ ಅವಳಣ್ಣ ತಿಂಗಳ ಹಿಂದೆ ಬೀರೂರಿನಿಂದ ಗೂಡ್ಸಿಗೆ ಹಾಕಿ ಕಳಿಸಿದ್ದು. ಹೊತ್ತು ತಂದ ಆರು ಜನರಿಗೆ ಅಡಿಗೆ ಮನೆ ತಲುಪುವಷ್ಟರಲ್ಲಿ ಸೊಂಟ ಹೋಗಿ, ಅಲ್ಲೇ ಇಳಿಸಿ ಓಡಿಹೋಗಿದ್ದರು. ಆಗ ಗಿರಿಯಪ್ಪ ಕಲ್ಲಿನ ಮೇಲಿದ್ದ. ಆಮೇಲೂ ಅವನಿಗೆ ಮನೆಯಲ್ಲಿ ಏನು ಬಂತು ಏನು ಹೋಯಿತು ಅನ್ನುವುದು ಬೇಕಿರಲಿಲ್ಲ. ಅದನ್ನು ‘ಆ ಕಬ್ಬಿಣ’ ಅನ್ನುತ್ತಿದ್ದ, ಅಷ್ಟೆ. ಸೀರೆಗೆ ಒಲೆಹೊಗೆ ಹಿಡಿಯುತ್ತದೆ ಅಂತ ಕರಿಯಮ್ಮ ಅದರಲ್ಲಿ ಅಂಬಲಿಯ ತಿಳಿ ಇಡಲು ಶುರು ಮಾಡಿದ್ದಳು. ಮೊಳಕೆ ರಾಗಿಯ ತಿಳಿ, ಉಷ್ಣಕ್ಕೆ ಅಂತ ನಾಲ್ಕು ಕಾಳು ಮೆಂತ್ಯ. ಗಂಡ ಎಲ್ಲಿಂದಲೋ ಹೊತ್ತು ತಂದು ಎಸೆದಿದ್ದ ಖಾಲಿ ಬಾಟಲಿಗಳಿಗೆ ತುಂಬಿ, ಬೆಂಡು ಬಿಗಿದು, ಬೆಕ್ಕಿಗೆ ಸಿಗದಂತೆ ಬೀಗ ಹಾಕುತ್ತಿದ್ದಳು.

“ಲೇ, ಬಾಯಾರ್ತೈತೆ ಕಣೇ” ಅಂದ ಕೂಡಲೇ ಅವಳು ಒಂದು ಬಾಟಲಿ ಕೈಗಿಟ್ಟಳು. ಬೆಂಡು ಕಿತ್ತರೆ ಅದು ಹಾರಿ ಹೆಂಚು ಒಡೆದುಕೊಂಡು ಆಕಾಶಕ್ಕೆ ಹೋಯಿತು. ನೊರೆ ಅವನ ಮೀಸೆ, ಹುಬ್ಬು, ಎದೆಗೂದಲು ದಾಟಿ ಉಡಿದಾರದವರೆಗೆ ಇಳಿಯಿತು. ಕುಡಿದ. ಕಹಿ ಇತ್ತು. ಹುಳಿ ಇತ್ತು. ಮೂಗಿನಲ್ಲಿ ಜುಮ್ಮೆಂದಿತು.

“ಎಲ್ಲೀದೇ ಇದು?”

“ಬೀರಿಂದು.”

“ಬೀರೇ?” ಗಿರಿಯಪ್ಪ ನೆಟ್ಟಗೆ ಎದ್ದು ಕೂತ. “ಎಲ್ಲಿಂದ ಬಂತೇ ನಮ್ಮನೇಗೆ?”

“ಬೀರೂರಿಂದ. ನಮ್ಮಣ್ಣ ಕಳಿಸಿದ್ದು. ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ? ತಿಂಗಳಿಂದ ಕಣ್ಣೆದುರಿಗೇ ಐತೆ.”

ಬೀರು, ಬೀರೂರು! ಆ ಊರಿಗೆ ಆ ಹೆಸರು ಸುಮ್ಮನೆ ಬಂದಿಲ್ಲ ಅನ್ನುವುದು ಆ ಗಳಿಗೆಯಲ್ಲಿ ಗಿರಿಯಪ್ಪನಿಗೆ ಹೊಳೆಯಿತು. ಇಷ್ಟು ವರ್ಷ ಆ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿದ ಲಕ್ಷಾಂತರ ದಡ್ಡರಿಗೆ ಇದು ಹೊಳೆದಿರಲಿಲ್ಲವಲ್ಲ ಅಂತ ಮರುಕವೂ ಆಯಿತು.

ಭಾನುವಾರ ಪುಟ್ಟಯ್ಯನ ಬಾಟಲಿ ಒಂದು ಕಡೆ, ಗಿರಿಯಪ್ಪನದು ಇನ್ನೊಂದು ಕಡೆ. ಗಿರಿಯಪ್ಪ ಕಲ್ಲಿನ ಮೇಲೆ ನಿಂತು, “ಇದು ಬೀರೂರು ಬೀರು. ಹಿಮ ಬೀಳೋ ದೇಶದ ಧಾನ್ಯ, ಏಳು ಸಮುದ್ರದ ಆಚೆ ಬೆಳೆಯೋ ಕಹಿಹೂವು, ಮಾಡಿದೋನು ಬಿಳೀ ಗಡ್ಡದ ಮುದುಕ, ಎಡಗೈಯೋನು” ಅಂದ. ಜನ ಗುಟುಕು ಗುಟುಕು ಹಂಚಿಕೊಂಡರು. ರಂಗಪ್ಪ ತನ್ನ ಹೆಂಡದ ಮಡಕೆಯನ್ನೇ ಕವುಚಿ ಅದರ ಮೇಲೆ ಕೂತ. ಪುಟ್ಟಯ್ಯ ಮೂರು ಲೋಟ ಕುಡಿದು, ನಾಲ್ಕನೆಯದಕ್ಕೆ ಕೈ ಚಾಚಿದವನು ನಾಚಿಕೊಂಡು ಆ ಕೈಯಿಂದ ತಲೆ ಕೆರೆದುಕೊಂಡ. ಕಲ್ಲು ಉಳಿಯಿತು.

ಮಾರನೇ ದಿನದಿಂದ ಗಿರಿಯಪ್ಪನ ಮನೆ ಮುಂದೆ ಸಾಲು. ಬಾಲ ರೈಲ್ವೆ ಸ್ಟೇಷನ್ ದಾಟಿ ಹೋಯಿತು. ಪ್ಯಾಸೆಂಜರ್ ಗಾಡಿ ಒಂದು ತನಗೂ ಸಾಲು ಅಂದುಕೊಂಡು ಹಿಂದೆ ನಿಂತುಬಿಟ್ಟಿತು. “ಅಮ್ಮಾ, ಬೀರಿಂದು ಒಂದು ಲೋಟ” ಅಂದವರಿಗೆಲ್ಲ ಕರಿಯಮ್ಮ ಬೀರು ತೆಗೆದು, ಬಿಸಿಲಲ್ಲಿ ಬಂದವರು ಪಾಪ ಅಂತ ಅಂಬಲಿ ತಿಳಿ ಬಗ್ಗಿಸಿ ಕೊಟ್ಟಳು. ಗಿರಿಯಪ್ಪ ಅತ್ತ ಕಲ್ಲಿನ ಮೇಲೆ ಕೂತು ಬೀರೂರಿನ ಮಹಿಮೆ ಹೇಳುತ್ತಿದ್ದ.

ನಾಲ್ಕನೇ ದಿನ ಕಡೂರಿನಿಂದ ಜೀಪು ಬಂತು. ಅಬಕಾರಿ ಇನ್ಸ್‌ಪೆಕ್ಟರ್ ಓಂಕಾರಮೂರ್ತಿಯವರು ಹಣೆ ತುಂಬ ವಿಭೂತಿ ಧರಿಸಿ ಇಳಿದರು. ನೀರು, ಮಜ್ಜಿಗೆ, ಪಾನಕ ಬಿಟ್ಟು ನಾಲ್ಕನೆಯದನ್ನು ತುಟಿಗೆ ಸೋಕಿಸಿದವರಲ್ಲ.

“ಬೀರು ಎಲ್ಲಿದೆಯಮ್ಮಾ?”

“ಅಡಿಗೆ ಮನೇಲಿ, ಸ್ವಾಮಿ.”

“ಎಷ್ಟಿದೆ?”

“ಒಂದೇ. ಎತ್ತಕ್ಕೆ ಆರು ಜನ ಬೇಕು.”

ಇನ್ಸ್‌ಪೆಕ್ಟರು ಹೌಹಾರಿ ಒಳಗೆ ನುಗ್ಗಿದರು. ನೋಡಿದರೆ ಕಬ್ಬಿಣದ ಬೀರು, ಬೀರಿನೊಳಗೆ ಸಾಲಾಗಿ ಬೀರಿನ ಬಾಟಲಿ. “ಇದು ಅಂಬಲಿ ತಿಳಿ, ಸ್ವಾಮಿ” ಅಂದಳು ಕರಿಯಮ್ಮ. “ನೀವು ಅಂಬಲಿ ಅಂತೀರಿ, ನಿಮ್ಮ ಯಜಮಾನರು ಊರೆದುರಿಗೆ ಬೀರು ಅಂದಿದ್ದಾರೆ. ಲೈಸೆನ್ಸ್ ಇಲ್ಲದೆ ಬೀರು ಮಾಡಿದ್ದರೆ ನಿಮ್ಮನ್ನ ಠಾಣೆಗೆ ಕರೆದುಕೊಂಡು ಹೋಗಬೇಕಾಗುತ್ತೆ. ನಾನಂತೂ ಕುಡಿದು ನೋಡೋನಲ್ಲ. ಕರೀರಿ ಆ ನಾಲಿಗೇನ. ಅವರು ಹೇಳಿದ್ದನ್ನೇ ಬರ್ಕೊಂಡು ಹೋಗ್ತೀನಿ.”

ಗಿರಿಯಪ್ಪ ಬಂದ. ಹಿಂದೆ ಊರೂ ಬಂತು, ಪುಟ್ಟಯ್ಯನೂ ಬಂದ. ಬಾಗಿಲು ತೆರೆದ ಬೀರು ನೋಡಿದ ಗಿರಿಯಪ್ಪ, ಬಾಟಲಿ ನೋಡಿದ, ಹೆಂಡತಿಯ ಮುಖ ನೋಡಿದ. ಬೀರು ಯಾವುದು, ಬೀರೂರಿನಿಂದ ಬಂದದ್ದು ಏನು ಅನ್ನುವುದೆಲ್ಲ ಒಂದೇ ಏಟಿಗೆ ತಲೆಗೆ ಬಡಿಯಿತು. ಬೀರು ಅಂದರೆ ಕರಿಯಮ್ಮ ಜೀಪು ಹತ್ತಬೇಕು. ಅಂಬಲಿ ಅಂದರೆ ತಾನು ಕಲ್ಲು ಇಳಿಯಬೇಕು.

“ಕುಡಿದು ಹೇಳಪ್ಪ” ಅಂದರು ಇನ್ಸ್‌ಪೆಕ್ಟರು.

ಕುಡಿದ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ, ಒಂದು ಸಲವೂ ನಾಲಿಗೆ ಮೇಲೆ ನಿಲ್ಲಿಸಿಕೊಳ್ಳದೆ ಗಂಟಲಿಗೆ ಸುರಿದುಕೊಂಡ ರುಚಿ ಅದು.

“ಅಂಬಲಿ, ಸ್ವಾಮಿ. ನಮ್ಮನೆಯೋಳು ಮಾಡಿದ್ದು. ಭಾನುವಾರ ನೆನೆಹಾಕಿದ್ದು. ಉಪ್ಪು ಒಂದು ಚಿಟಿಕೆ ಜಾಸ್ತಿ ಆಗೈತೆ.”

ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಪುಟ್ಟಯ್ಯ ಬಸ್ಸು ಕೂಗುವ ದನಿಯಲ್ಲೇ ಕೂಗಿದ: “ಹೆಂಡ್ತಿ ಅಂಬ್ಲಿ ಗುರುತು ಸಿಗದೋನು ಏಳು ಸಮುದ್ರ ದಾಟಿದ್ನಂತೆ ಕಣ್ರಪ್ಪೋ!”

“ನೀನೂ ಮೂರು ಲೋಟ ದಾಟ್ದೆಯಲ್ಲೋ” ಅಂದ ರಂಗಪ್ಪ. ಆದರೂ ಪುಟ್ಟಯ್ಯ ಓಡಿಹೋಗಿ ಕಲ್ಲಿನ ಮೇಲೆ ಕೂತ.

ಅಂಬಲಿ ಅಂತ ಕಾಗದದ ಮೇಲೆ ಬಿದ್ದ ಮೇಲೆ ಇನ್ಸ್‌ಪೆಕ್ಟರಿಗೂ ಧೈರ್ಯ ಬಂತು. ಬಿಸಿಲಿತ್ತು, ಎರಡು ಬಾಟಲಿ ಕುಡಿದರು. ಕರಿಯಮ್ಮನನ್ನು ತಾಯೀ ಅಂದರು, ಬೀರನ್ನು ಅಪ್ಪಿಕೊಂಡು ಅಣ್ಣಾ ಅಂದರು. ಕಡೂರಿಗೆ ಹೋಗಬೇಕಾದ ಜೀಪು ಶಿವನಿ ರಸ್ತೆ ಹಿಡಿದು, ಹಾಡಿಕೊಂಡು ಹೋಯಿತು.

ಗಿರಿಯಪ್ಪ ಒಲೆಯ ಮುಂದಿನ ಮಣೆ ಎಳೆದುಕೊಂಡು ಕೂತ. ಕರಿಯಮ್ಮ ಬೀರಿಗೆ ಬೀಗ ಹಾಕಿ ಬಂದು ಎದುರಿಗೆ ಕೂತಳು.

“ಉಪ್ಪು ಜಾಸ್ತಿ ಅಂದ್ರಲ್ಲ” ಅಂದಳು ಮೆಲ್ಲಗೆ. “ಅದ್ರಲ್ಲಿ ಉಪ್ಪೇ ಇರ್ಲಿಲ್ಲ ಕಣ್ರೀ.”

“ಗೊತ್ತಿತ್ತು ಕಣೇ” ಅಂದ ಗಿರಿಯಪ್ಪ, ಲೋಟ ಮುಂದಕ್ಕೆ ಹಿಡಿದು. “ಅಷ್ಟು ಜನ ಬಂದಿದ್ರು, ಅಂಬ್ಲಿ ಅಂತ ಒಂದೇ ಮಾತಿಗೆ ಮುಗಿಸೋಕಾಗ್ತದಾ?”