ಯಾರ ಬಲಕ್ಕೆ

ಬಾಯಿ ತೆರೆದರೆ ದನಿ ಬರುತ್ತದೋ ಇಲ್ಲವೋ ಎಂಬುದೇ ಅವಳ ಚಿಂತೆ. ಪದವಿ ಮುಗಿಸಿದ ಹುಡುಗಿ, ಗ್ರಂಥಾಲಯದಲ್ಲಿ ತಾತ್ಕಾಲಿಕ ಸಹಾಯಕಿ. ಯಾರಾದರೂ ದಾರಿ ಕೇಳಿದರೆ ಗಂಟಲು ಕಟ್ಟುತ್ತದೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು? ತನಗೆ ತಾನೇ ಹೇಳಿಕೊಂಡಿದ್ದಳು, ಅಷ್ಟೆ. ಹಾಗಾಗಿ ದಾರಿ ತೋರಿಸುವ ಬೋರ್ಡು ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಇನ್ನು ಯಾರೂ ತನ್ನನ್ನು ಏನೂ ಕೇಳುವುದಿಲ್ಲ!

ಬೋರ್ಡು ಬಂತು. ತಾಪತ್ರಯ ಶುರುವಾದದ್ದೇ ಆಮೇಲೆ.

ಬರೆಸಿದವರು ಅವಳ ಚಿಕ್ಕಮ್ಮ. ಮನೆಯಲ್ಲಿ ಚಿಕ್ಕಮ್ಮ, ಇಲ್ಲಿ ಮುಖ್ಯ ಗ್ರಂಥಪಾಲಕಿ. ಇಲ್ಲಿ ಬಾಯಿತಪ್ಪಿ 'ಮೇಡಂ' ಬಿಟ್ಟು ಬೇರೇನಾದರೂ ಅಂದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ಏಣಿ ಹತ್ತುವ ಮೊದಲು ಪೇಂಟರು ಕೇಳಿದ್ದ, "ಓದುವ ಕೊಠಡಿ ಬಲಕ್ಕೆ ಅಂದ್ರಲ್ಲ ಮೇಡಂ, ಯಾರ ಬಲಕ್ಕೆ?"

"ಬಲ ಅಂದ್ರೆ ಬಲ. ಅದರಲ್ಲಿ ಎಷ್ಟು ಥರ ಇರತ್ತೆ? ಹೇಳಿದಷ್ಟು ಬರಿ, ತಲೆ ತಿನ್ಬೇಡ."

ಚಿಕ್ಕಮ್ಮ ಕೂರುವುದು ಬಾಗಿಲಿಗೆ ಮುಖ ಮಾಡಿದ ಕೌಂಟರಿನಲ್ಲಿ. ಅವರ ಬಲ ಒಳಗೆ ಬರುವವರಿಗೆ ಎಡ. ಪೇಂಟರು ಮುಖ ಗಂಟುಹಾಕಿಕೊಂಡು ಹೇಳಿದಷ್ಟೇ ಬರೆದ. ಬೋರ್ಡು ಅವರ ತಲೆಯ ಮೇಲೆ ಬಾಗಿಲ ಕಡೆ ನೋಡುತ್ತ ತೂಗಿತು. ಪತ್ರಿಕೆ ಓದಲು ಬಂದ ಗಂಡಸರು ಬಾಣದ ಗುರುತು ನಂಬಿ ಬಲಕ್ಕೆ ಹೊರಳಿ ಹೆಂಗಸರ ಶೌಚಾಲಯದ ಬಾಗಿಲು ತಳ್ಳಿದರು, ಒಳಗಿನಿಂದ ಬೈಸಿಕೊಂಡು ಬಂದರು. ಶೌಚಾಲಯಕ್ಕೆ ಅವಸರವಾಗಿದ್ದವರು ಅದೇ ಬೋರ್ಡು ನಂಬಿ ಎಡಕ್ಕೆ ಹೋಗಿ ಪುಸ್ತಕದ ಕಪಾಟುಗಳ ನಡುವೆ ಪರದಾಡಿದರು. ಬೈಗುಳ ಮಾತ್ರ ದಾರಿ ತಪ್ಪದೆ ನೇರ ಕೌಂಟರಿಗೇ ಬರುತ್ತಿತ್ತು.

ಬೋರ್ಡು ತಿದ್ದಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಅದು ಚಿಕ್ಕಮ್ಮನ ಜಾಯಮಾನದಲ್ಲೇ ಇರಲಿಲ್ಲ.

"ಏ, ನಿಂಗೇನು ಗೋಡೆ ನೋಡ್ಕೊಂಡು ಕೂರೋಕೆ ಸಂಬಳವಾ? ಬೋರ್ಡಿನ ಕೆಳಗೆ ನಿಂತ್ಕೋ. ಬಂದೋರಿಗೆ ಕೈ ತೋರ್ಸು."

ಅವಳು ನಿಂತಳು. ಮೇಲೆ ಬಾಣ ಒಂದು ಕಡೆ, ಕೆಳಗೆ ಅವಳ ಕೈ ಇನ್ನೊಂದು ಕಡೆ.

"ಅದು ಆ ಕಡೆ ಅನ್ನತ್ತೆ, ನೀನು ಈ ಕಡೆ ಅಂತೀಯ. ಯಾರನ್ನಮ್ಮಾ ನಂಬೋದು?" ಬಂದವರು ರೇಗುತ್ತಿದ್ದರು.

"ಬಾಯಿಗೇನು ಬೀಗ ಹಾಕ್ಕೊಂಡಿದೀಯಾ?"

ಬಾಯಿಗೆ ಬೀಗವೇ ಬಿದ್ದಿತ್ತು. ಅವಳನ್ನು ಕಾಯಂ ಮಾಡುವ ಶಿಫಾರಸು ಈ ತಿಂಗಳೇ ಹೋಗಬೇಕು, ಸಹಿ ಹಾಕಬೇಕಾದವರು ಚಿಕ್ಕಮ್ಮ. ಕಾಯಂ ಆದರೆ ಎಲ್ಲಾದರೂ ಒಂದು ಕೋಣೆ ಹಿಡಿಯಬಹುದು. ತುತ್ತಿಗೊಂದು ಚುಚ್ಚುಮಾತು ಕೇಳುತ್ತ ಅವರ ಮನೆಯಲ್ಲಿ ಉಣ್ಣುವುದು ತಪ್ಪುತ್ತದೆ.

ಗ್ರಂಥಾಲಯ ಇಲಾಖೆಯ ನಿರ್ದೇಶಕರು ತಪಾಸಣೆಗೆ ಬರುವ ದಿನ ಬೆಳಿಗ್ಗೆ, ಊರುಗೋಲು ಹಿಡಿದ ಒಬ್ಬ ಅಜ್ಜಿ ಹುಡುಗಿ ಕೈ ತೋರಿದ ಕಡೆ ಬಿಟ್ಟು ಬಾಣವನ್ನು ನಂಬಿದರು. ಬಲಗಡೆಯ ಉದ್ದದ ಕಾರಿಡಾರಿನ ತುದಿ ಮುಟ್ಟಿ, ಏದುಸಿರು ಬಿಡುತ್ತ ತಿರುಗಿ ಬಂದರು.

"ಕನ್ನಡಕ ಬದಲಾಯಿಸ್ಕೊಳ್ಳಿ ಅಜ್ಜಿ," ಚಿಕ್ಕಮ್ಮ ತಲೆ ಎತ್ತದೆ ಅಂದರು.

"ಕಣ್ಣು ನೆಟ್ಟಗಿದೆ ತಾಯಿ. ಬರೆದದ್ದನ್ನೇ ಓದಿದೆ."

"ಸರಿಯಾಗಿ ಓದೋಕೆ ಬರ್ತಿದ್ರೆ ಈ ಗತಿ ಯಾಕೆ?"

ಅಜ್ಜಿ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳತೊಡಗಿದರು. ನಿರ್ದೇಶಕರು ಒಳಗೆ ಬಂದಾಗಲೂ ಅಲ್ಲೇ ಇದ್ದರು.

ನಿರ್ದೇಶಕರು ಬೋರ್ಡು ನೋಡಿದರು, ಕೆಳಗೆ ಕೈ ಚಾಚಿ ನಿಂತವಳನ್ನು ನೋಡಿದರು. "ಬೋರ್ಡಿದ್ದ ಮೇಲೆ ಈಕೆ ಯಾಕೆ?"

"ಏನ್ಮಾಡೋದು ಸಾರ್, ನಮ್ಮ ಓದುಗರಿಗೆ ಎಡ ಬಲ ಗೊತ್ತಾಗಲ್ಲ," ಚಿಕ್ಕಮ್ಮ ನಕ್ಕರು. ಊರುಗೋಲಿನ ಕಡೆ ಗದ್ದ ತೋರಿಸಿದರು. "ಅಲ್ಲಿ ನೋಡಿ, ಈಗಷ್ಟೇ ಒಬ್ಬರು ಹೋಗಿ ಬಂದರು. ಬೇಕಾದ್ರೆ ಇವಳನ್ನೇ ಕೇಳಿ. ದಿನವಿಡೀ ಇಲ್ಲೇ ನಿಂತಿರ್ತಾಳೆ. ಹೇಳೇ, ತಪ್ಪು ಯಾರದು?"

ಬಾಯಲ್ಲಿ ನಗು, ಕಣ್ಣಲ್ಲಿ ಎಚ್ಚರಿಕೆ. ಸಹಿಯ ಮಾತು ಆ ಕಣ್ಣಲ್ಲೇ ಇತ್ತು. ಹುಡುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕನ್ನಡಕ ತೆಗೆದು, ತಪ್ಪು ಅದರದ್ದೇ ಇರಬಹುದೇನೋ ಎಂಬಂತೆ, ಸೆರಗಿನಲ್ಲಿ ಒರೆಸುತ್ತಿದ್ದರು.

ಹುಡುಗಿ ಚಾಚಿದ ಕೈ ಇಳಿಸಿದಳು.

"ಚಿಕ್ಕಮ್ಮ," ಎಂದಳು. ದನಿ ಬಂತು, ಅವಳೇ ಬೆಚ್ಚುವಷ್ಟು ಜೋರಾಗಿ. "ಅಜ್ಜಿ ಸರಿಯಾಗೇ ಓದಿದಾರೆ. ಬೋರ್ಡೇ ತಪ್ಪು. ನೀವು ಅದನ್ನ ನಿಮ್ಮ ಕುರ್ಚೀಲಿ ಕೂತು ಬರೆಸಿದ್ರಿ, ಆ ಬಾಗಿಲಲ್ಲಿ ನಿಂತು ಒಂದು ಸಲಾನೂ ನೋಡ್ಲಿಲ್ಲ."