ಯಜಮಾನರ ಹೆಸರು

ಶ್ರೀನಿವಾಸಪುರದ ನಮ್ಮ ಸಮುದಾಯ ರೇಡಿಯೋದಲ್ಲಿ ಮಧ್ಯಾಹ್ನ ಎರಡಕ್ಕೆ ಹೆಂಗಸರ ಕೋರಿಕೆ ಕಾರ್ಯಕ್ರಮ ನಡೆಸುವವಳು ನಾನು, ಫರ್ಹತ್. ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವವರು, ಸೊಪ್ಪಿನ ತೋಟದಲ್ಲಿರುವವರು ಫೋನಿನಲ್ಲೇ ರೇಡಿಯೋ ಹಚ್ಚಿಕೊಂಡು ಕೇಳುತ್ತಾರೆ. ಹೋದ ತಿಂಗಳು ಒಂದು ಹೊಸ ಪಾಪ್ ಹಾಡು ಬಂತು. ಅದರಲ್ಲಿ ಹೆಂಡತಿ ಗಂಡನನ್ನು ‘ಲೋ ಅಮರ, ಎದ್ದು ಕಾಫಿ ಮಾಡೋ’ ಎಂದು ಹೆಸರು ಹಿಡಿದು ಕರೆಯುತ್ತಾಳೆ. ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಗಂಡಸರಿಗೆ ಅಷ್ಟೇ ಸಾಕಾಯಿತು, ದೂರಿನ ಮೇಲೆ ದೂರು.

ನಮ್ಮ ಸಮಿತಿಯ ಅಧ್ಯಕ್ಷರು ಯಲ್ದೂರಿನ ನಿವೃತ್ತ ಮೇಷ್ಟ್ರು ಕೋದಂಡರಾಮಪ್ಪನವರು. “ನಮ್ಮ ಕಡೆ ಹೆಣ್ಮಕ್ಳು ಗಂಡನ ಹೆಸರೇ ಎತ್ತಲ್ಲ. ಇನ್ನೊಂದ್ಸಲ ಈ ಹಾಡು ಬಂದ್ರೆ ನಿನ್ ಕಾರ್ಯಕ್ರಮ ಬಂದ್ ಕಣಮ್ಮ” ಅಂದರು. ಮೈಯೆಲ್ಲ ಉರಿಯಿತು. ಆದರೆ ದಿನದಲ್ಲಿ ನನ್ನದು ಅಂತ ಇರುವುದು ಅದೊಂದೇ ಗಂಟೆ. ಬಾಯಿ ಮುಚ್ಚಿಕೊಂಡೆ. ಹದಿನೈದು ದಿನ, ಕೇಳಿದವರಿಗೆಲ್ಲ ‘ಹಾಡು ಸಿಗ್ತಿಲ್ಲ’ ಎಂದು ಸುಳ್ಳು ಹೇಳಿದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ತಮಾಷೆಯ ಕರೆಗಳನ್ನು ತಡೆಯಲು ಅಧ್ಯಕ್ಷರೇ ಮಾಡಿದ ನಿಯಮ ಇನ್ನೊಂದಿತ್ತು. ಹಾಡು ಯಾರಿಗೋಸ್ಕರವೋ ಅವರ ಹೆಸರು ಹೇಳಲೇಬೇಕು. ಗಂಡನಿಗೆ ಹಾಡು ಕೇಳುವ ಹೆಂಗಸರು ಆ ಹೊತ್ತಿಗೆ ಫೋನನ್ನು ಪಕ್ಕದವರ ಕೈಗೆ ಕೊಟ್ಟುಬಿಡುತ್ತಿದ್ದರು.

ಗುರುವಾರ ಒಂದು ಕರೆ ಬಂತು.

“ಗಂಗರತ್ನಮ್ಮ ಅಂತ, ಯಲ್ದೂರು. ಆ ಅಮರನ ಹಾಡು ಹಾಕಮ್ಮ. ನಮ್ಮ ಯಜಮಾನ್ರಿಗೆ.”

ಮತ್ತೊಂದು ಸುಳ್ಳು ಹೇಳುವುದಕ್ಕಿಂತ ಹೆಸರಿನ ನಿಯಮ ಹೇಳಿ ತಪ್ಪಿಸಿಕೊಳ್ಳುವುದೇ ವಾಸಿ ಎನಿಸಿತು.

“ಯಜಮಾನ್ರ ಹೆಸರು ಹೇಳ್ಬೇಕಲ್ಲಮ್ಮ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಕೊಡಿ.”

“ಯಾರೂ ಇಲ್ಲಮ್ಮ. ನಾನೇ ಹೇಳ್ಬೇಕಾ?”

“ನೀವೇ.”

ಅವರು ಉಸಿರು ಎಳೆದುಕೊಂಡಿದ್ದು ಕೇಳಿಸಿತು.

“ಕೋದಂಡರಾಮಪ್ಪ” ಅಂದರು. ಆಮೇಲೆ ಸಣ್ಣ ಹುಡುಗಿಯಂತೆ ನಕ್ಕರು. “ಮದುವೆಯಾಗಿ ನಲವತ್ತೊಂದು ವರ್ಷ ಆಯ್ತಮ್ಮ, ಇದೇ ಮೊದ್ಲು. ಏನೂ ಆಗ್ಲಿಲ್ಲ ನೋಡು!”

ನಮ್ಮ ಅಧ್ಯಕ್ಷರ ಹೆಸರು! ಅಧ್ಯಕ್ಷರು ಪಕ್ಕದ ಕೋಣೆಯಲ್ಲೇ ಕೂತು ಕಾರ್ಯಕ್ರಮ ಕೇಳುತ್ತಿದ್ದರು. ಬಾಗಿಲು ತೆರೆಯಿತು. ಯಾ ಅಲ್ಲಾ, ಮುಗಿಯಿತು ನನ್ನ ಕತೆ ಎಂದುಕೊಂಡು ಮೈಕ್ ಆಫ್ ಮಾಡಿ ಎದ್ದು ನಿಂತೆ.

ಮೇಷ್ಟ್ರ ಗತ್ತು ಎಲ್ಲಿ ಹೋಗಿತ್ತೋ. ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು.

“ಇನ್ನೊಂದ್ಸಲ ಹೇಳ್ಸಮ್ಮ” ಅಂದರು ಮೆಲ್ಲಗೆ.

ಮೈಕ್ ಆನ್ ಮಾಡಿದೆ. “ಅಮ್ಮ, ಯಜಮಾನ್ರು ಇಲ್ಲೇ ಇದಾರೆ. ಇನ್ನೊಂದ್ಸಲ ಹೇಳ್ಬೇಕಂತೆ.”

“ಅಷ್ಟು ಆಸೆ ಇದ್ರೆ ಮನೆಗೆ ಬಂದು ಕೇಳ್ಲಿ. ಈಗ ನೀನು ಹಾಡು ಹಾಕು.”

ನಾನು ಅಧ್ಯಕ್ಷರ ಕಡೆ ತಿರುಗಿದೆ. ಅವರಾಗಲೇ ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದರು.

“ಹಾಕಮ್ಮ” ಅಂದರು. “ಯಲ್ದೂರು ಬಸ್ಸು ಎರಡೂವರೆಗೇ ಅಲ್ವಾ?”